ಹೇಳಿ ತಿರುಗುವುದು

ಮನೆಯಿಂದ ಹೊರಟವರನ್ನು ‘ಎಲ್ಲಿಗೆ?’ ಎಂದು ಕೇಳಬಾರದು ಎಂಬುದು ನಮ್ಮ ಹಿರಿಯರ ಕಟ್ಟುಪಾಡು. ಹಾಗೆ ಕೇಳಿದರೆ ಹೋದ ಕೆಲಸ ಆಗುವುದಿಲ್ಲವಂತೆ. ತಿಳಿಯಲೇಬೇಕೆಂಬ ಚಪಲವಿದ್ದವರು ‘ದೂರ ಹೊರಟ ಹಾಗಿದೆ?’ ಎಂದು ಬಳಸಿ ಕೇಳುತ್ತಾರೆ. ಹೊರಟವರು ‘ಇಲ್ಲೇ, ಸ್ವಲ್ಪ’ ಎಂದು ಅಷ್ಟೇ ಬಳಸಿ ಉತ್ತರ ಕೊಟ್ಟು ಚಪ್ಪಲಿ ಮೆಟ್ಟುತ್ತಾರೆ. ಈ ಸವಾಲು ಜವಾಬಿನಲ್ಲಿ ಯಾರಿಗೂ ಯಾವ ಸುದ್ದಿಯೂ ದಕ್ಕುವುದಿಲ್ಲ, ಆದರೆ ಇಬ್ಬರ ಮರ್ಯಾದೆಯೂ ಉಳಿಯುತ್ತದೆ. ಇದನ್ನು ಬರಿಯ ಶಕುನದ ಮಾತೆಂದು ತಳ್ಳಿಹಾಕುವವರಿದ್ದಾರೆ. ನನಗೇನೋ ಇದರಲ್ಲಿ ಒಂದು ವಿವೇಕ ಕಾಣುತ್ತದೆ. ಎಲ್ಲಿಗೆ ಹೋಗುತ್ತೇನೆಂಬುದು ನನ್ನ ಸ್ವಂತದ ಸಂಗತಿ. ಅದನ್ನು ಕೆದಕಿ ಕೇಳುವ ಹಕ್ಕು ಇನ್ನೊಬ್ಬರಿಗಿಲ್ಲ ಎಂಬ ಮಾತನ್ನು ನಮ್ಮವರು ಶಕುನದ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದಾರೆ. (ಹೆಣ್ಣುಮಕ್ಕಳಿಗೆ ಈ ರಿಯಾಯಿತಿ ಇರಲಿಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ನಾನು ಬಿ.ಎ. ಓದುವಾಗ ಎಲ್ಲಿಗೆ, ಯಾರ ಜೊತೆ, ಎಷ್ಟು ಹೊತ್ತಿಗೆ ವಾಪಸ್ಸು ಎಂದು ಹೊಸಿಲು ದಾಟುವ ಮೊದಲು ಮೂರು ಜನಕ್ಕೆ ವರದಿ ಒಪ್ಪಿಸಬೇಕಿತ್ತು. ಶಕುನ ಗಂಡಸರಿಗೆ ಮಾತ್ರ ಕೆಡುತ್ತಿತ್ತೋ ಏನೋ.)

ಬೀದಿಗಿಳಿದು ಗಾಡಿ ಹತ್ತಿದ ಕೂಡಲೆ ಈ ಕಟ್ಟುಪಾಡು ತಲೆಕೆಳಗಾಗುತ್ತದೆ. ಮನೆಯವರಿಗೂ ಹೇಳದೆ ಹೊರಟವನು, ಹಿಂದೆ ಬರುವ, ಮುಖವನ್ನೇ ಕಾಣದ, ಇನ್ನೆಂದೂ ಎದುರಾಗದ ಯಾರೋ ಒಬ್ಬನಿಗೆ ‘ನಾನೀಗ ಬಲಕ್ಕೆ ಹೊರಳುತ್ತೇನಪ್ಪ’ ಎಂದು ಹೇಳಿ ಹೊರಳಬೇಕು. ಹೇಳದಿದ್ದರೆ ತಪ್ಪು. ನನ್ನ ಮನಸ್ಸಿನಲ್ಲಿರುವುದನ್ನು ಅಪರಿಚಿತನಿಗೆ ತಿಳಿಸುವ ಈ ಋಣ ನನ್ನ ಮೇಲೆ ಯಾವಾಗ ಬಿತ್ತು? ಎಷ್ಟು ಹೇಳಿದರೆ ಅದು ತೀರುತ್ತದೆ? ಹೇಳಿದ ಮೇಲೆ ಮನಸ್ಸು ಬದಲಾಯಿಸುವ ಸ್ವಾತಂತ್ರ್ಯ ನನಗುಂಟೋ ಇಲ್ಲವೋ?

ಇಂಥ ದೊಡ್ಡ ಪ್ರಶ್ನೆಗಳನ್ನು ನನ್ನ ತಲೆಗೆ ತುಂಬಿದ್ದು ಉಪನಿಷತ್ತಲ್ಲ, ಕಿತ್ತಳೆ ಬಣ್ಣದ ನಾಲ್ಕು ಪುಟ್ಟ ದೀಪಗಳು. ನಮ್ಮ ಅಣ್ಣನ ಹಳೆಯ ಜಾವಾ ಮೋಟಾರ್ ಸೈಕಲ್ಲಿಗೆ ಇಂಡಿಕೇಟರ್ ಹಾಕಿಸಬೇಕೇ ಬೇಡವೇ ಎಂಬ ವಿಷಯದಲ್ಲಿ ನಮ್ಮ ಮನೆಯಲ್ಲಿ ಹೆಚ್ಚುಕಡಿಮೆ ಒಂದು ತಿಂಗಳು ಚರ್ಚೆ ನಡೆಯಿತು. ಹೆಣ್ಣು ನೋಡುವ ಶಾಸ್ತ್ರಕ್ಕೂ ನಮ್ಮಲ್ಲಿ ಇಷ್ಟು ಮಾತು ನಡೆದದ್ದಿಲ್ಲ.

ಗಾಡಿ 1969ರದು. ನಮ್ಮ ತಂದೆಯವರು ಕೊಂಡದ್ದು, ಮೈಸೂರಿನದೇ ಕೂಸು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಈ ಗಾಡಿಗಳು ತಯಾರಾಗುತ್ತಿದ್ದವು. ಝೆಕೊಸ್ಲೊವಾಕಿಯದ ವಿನ್ಯಾಸ, ಮೈಸೂರಿನ ಕೈಗಳು. 1973ರ ಸುಮಾರಿಗೆ ಜಾವಾ ಎಂಬ ಹೆಸರು ಹೋಗಿ ಯೆಜ್ಡಿ ಬಂತು, 1996ರಲ್ಲಿ ಕಾರ್ಖಾನೆಯ ಬಾಗಿಲೇ ಮುಚ್ಚಿತು. ಮೈಸೂರಿನ ಆ ಕಾಲದ ಮಧ್ಯಮ ವರ್ಗದ ಮನೆಗಳಲ್ಲಿ ಈ ಕಾರ್ಖಾನೆಗೆ ಹೋಗುವವರೊಬ್ಬರು, ಇಲ್ಲವೇ ಅದರ ಗಾಡಿಯೊಂದು ಇದ್ದೇ ಇರುತ್ತಿತ್ತು. ಕಿಕ್ಕರನ್ನೇ ಮಡಿಸಿ ಒತ್ತಿದರೆ ಅದೇ ಗೇರಿನ ಸನ್ನೆಯಾಗುವ ಚಮತ್ಕಾರವನ್ನು ಬೀದಿಯ ಹುಡುಗರು ನಿಂತು ನೋಡುತ್ತಿದ್ದರು. ಹಿಂದೆ ಎರಡು ಕೊಳವೆಗಳಿಂದ ಬರುವ ಆ ‘ಡುಬು ಡುಬು’ ಸದ್ದು ಒಂಟಿಕೊಪ್ಪಲಿನ ತಿರುವಿನಲ್ಲಿ ಕೇಳಿಸಿದರೆ ನಮ್ಮ ಅಮ್ಮ ಕಾಫಿಗೆ ನೀರಿಡುತ್ತಿದ್ದರು. ಆ ಗಾಡಿಗೆ ಮುಂದೊಂದು ದೀಪ, ಹಿಂದೊಂದು ದೀಪ. ಎಡ, ಬಲ ಎಂದು ಹೇಳುವ ದೀಪ ಕಾರ್ಖಾನೆಯಿಂದ ಬಂದಿರಲೇ ಇಲ್ಲ. ಅದನ್ನು ಸವಾರನ ಬಲಗೈ ಹೇಳುತ್ತಿತ್ತು.

ಕೈ ಸನ್ನೆಗಳದೇ ಒಂದು ವ್ಯಾಕರಣವಿತ್ತು. 1989ರ ರಸ್ತೆ ನಿಯಮಗಳಲ್ಲೂ ಅದು ಸಾಂಗವಾಗಿ ಬರೆದಿತ್ತು. 2017ರಲ್ಲಿ ಅವುಗಳ ಜಾಗಕ್ಕೆ ಹೊಸ ನಿಯಮಗಳು ಬಂದವು. ಬಲಕ್ಕೆ ತಿರುಗಬೇಕಾದರೆ ಬಲಗೈಯನ್ನು ನೆಲಕ್ಕೆ ಸಮನಾಗಿ ಚಾಚಿ ಅಂಗೈ ಮುಂದಕ್ಕೆ ಹಿಡಿಯಬೇಕು. ವೇಗ ತಗ್ಗಿಸುವಾಗ ಅಂಗೈ ಕೆಳಗೆ ಮಾಡಿ, ಮಗುವಿನ ಬೆನ್ನು ತಟ್ಟುವ ಹಾಗೆ, ತೋಳನ್ನು ಮೇಲೆ ಕೆಳಗೆ ಆಡಿಸಬೇಕು. ನಿಲ್ಲಿಸುವುದಾದರೆ ಮೊಣಕೈಯಿಂದ ಮೇಲಕ್ಕೆ ನೆಟ್ಟಗೆ. ಎಡಕ್ಕೆ ತಿರುಗುವುದಕ್ಕೂ ಬಲಗೈಯೇ; ಅದನ್ನು ಚಾಚಿ ಅಪ್ರದಕ್ಷಿಣೆಯಾಗಿ ಸುತ್ತಿಸಬೇಕು. ಮೋಟಾರಿನ ಚಾಲಕ ಕೂರುವುದು ಬಲಗಡೆ, ಅವನ ಕೈ ಹೊರಗೆ ಬರುವುದು ಬಲಗಡೆಯ ಕಿಟಕಿಯಿಂದ; ಆದ್ದರಿಂದ ಎಲ್ಲವನ್ನೂ ಒಂದೇ ಕೈಗೆ ವಹಿಸಿದರು. ಅದರಲ್ಲಿ ಮೋಟಾರ್ ಸೈಕಲ್ಲಿನವನಿಗೆ ಅನ್ಯಾಯವಾಯಿತು. ಅವನ ಬಲಗೈಯಲ್ಲೇ ಗಾಡಿಯ ವೇಗ, ಅದೇ ಕೈಯಲ್ಲಿ ಮುಂದಿನ ಬ್ರೇಕು. ತಿರುವು ಹತ್ತಿರ ಬಂದು ಎರಡೂ ಬೇಕಾಗುವ ಹೊತ್ತಿಗೆ ಸರಿಯಾಗಿ ಅವನು ಆ ಕೈಯನ್ನು ತೆಗೆದು ಗಾಳಿಯಲ್ಲಿ ಚಾಚಬೇಕು.

ಬೇರೆಯವರಿಗೆ ತಿಳಿಸುವ ಸಲುವಾಗಿ ತನ್ನ ಹಿಡಿತವನ್ನು ಒಂದು ಗಳಿಗೆ ಬಿಟ್ಟುಕೊಡುವುದು! ಇದನ್ನು ಯೋಚಿಸಿದಾಗಲೆಲ್ಲ ನನಗೆ ಆ ಕೈ ಸನ್ನೆಯ ಮೇಲೆ ಗೌರವ ಹೆಚ್ಚುತ್ತದೆ. ಅದಕ್ಕೆ ಬೆಲೆಯಿತ್ತು, ಆದ್ದರಿಂದ ಯಾರೂ ಸುಮ್ಮಸುಮ್ಮನೆ ಕೈ ಚಾಚುತ್ತಿರಲಿಲ್ಲ. ಚಾಚಿದ್ದನ್ನು ಮರೆಯುವುದಂತೂ ಸಾಧ್ಯವೇ ಇರಲಿಲ್ಲ, ತೋಳು ನೋಯುತ್ತಿತ್ತು.

ದೀಪಕ್ಕೂ ಕೈಗೂ ನಡುವೆ ಇನ್ನೊಂದು ಅವತಾರವೂ ಇತ್ತು. ನಮ್ಮ ಬೀದಿಯ ಡಾಕ್ಟರೊಬ್ಬರ ಮೋರಿಸ್ ಮೈನರ್ ಕಾರಿನಲ್ಲಿ ಬಾಗಿಲ ಪಕ್ಕದ ಕಂಬದೊಳಗಿಂದ ಒಂದು ಪುಟ್ಟ ರೆಕ್ಕೆ ಹೊರಗೆ ನೆಗೆಯುತ್ತಿತ್ತು, ಅದರ ಹೊಟ್ಟೆಯಲ್ಲೊಂದು ದೀಪ. ರೈಲಿನ ಕೈಕಂಬದ ಮರಿ ಎನ್ನಬಹುದು. ಅದು ಆಗಾಗ ಸಿಕ್ಕಿಕೊಳ್ಳುತ್ತಿತ್ತು. ಡಾಕ್ಟರು ಒಳಗಿನಿಂದ ಗುದ್ದಿ ಎಬ್ಬಿಸುತ್ತಿದ್ದರು. ಅಷ್ಟು ಹೊತ್ತಿಗೆ ತಿರುವು ಕಳೆದಿರುತ್ತಿತ್ತು. ಇವತ್ತಿನ ಹಾಗೆ ಮಿಣುಕುವ ದೀಪವನ್ನು ಕಾರ್ಖಾನೆಯಲ್ಲೇ ಕೂಡಿಸಿ ಮಾರತೊಡಗಿದವರಲ್ಲಿ ಮೊದಲಿಗರು ಅಮೆರಿಕದ ಬ್ಯುಯಿಕ್ ಕಂಪನಿಯವರು, 1939ರ ಮಾದರಿಯ ಕಾರುಗಳಲ್ಲಿ. ಅದಕ್ಕೂ ಮುಂಚೆ ಫ್ಲಾರೆನ್ಸ್ ಲಾರೆನ್ಸ್ ಎಂಬ ಮೂಕಿ ಚಿತ್ರದ ನಟಿ, ಗುಂಡಿ ಒತ್ತಿದರೆ ಕಾರಿನ ಹಿಂದೆ ಮೇಲೇಳುವ ಕೈಯೊಂದನ್ನು ಕಲ್ಪಿಸಿದ್ದಳು, ಅದರ ಹಕ್ಕನ್ನು ಮಾತ್ರ ನೋಂದಾಯಿಸಿಕೊಳ್ಳಲಿಲ್ಲ ಎಂದು ಹೇಳುತ್ತಾರೆ. ‘ಹೆಂಗಸರು ಎಡಕ್ಕೆ ದೀಪ ಹಾಕಿ ಬಲಕ್ಕೆ ತಿರುಗುತ್ತಾರೆ’ ಎಂದು ನಗೆಯಾಡುವ ನಮ್ಮ ಸ್ಟಾಫ್ ರೂಮಿನ ಮಹನೀಯರಿಗೆ ಈ ಕಥೆಯನ್ನು ನಾನು ಒಂದಕ್ಕಿಂತ ಹೆಚ್ಚು ಸಲ ಹೇಳಿದ್ದೇನೆ.

ಇರಲಿ. ಅಣ್ಣನಿಗೆ ಈಗ ಎಪ್ಪತ್ತು. ಎರಡು ವರ್ಷದಿಂದ ಅವನ ಬಲ ಭುಜ ಹಿಡಿದುಕೊಂಡಿದೆ. ಸಕ್ಕರೆ ಕಾಯಿಲೆಯವರಲ್ಲಿ ಇದು ಹೆಚ್ಚು. ಹ್ಯಾಂಡಲ್ ಹಿಡಿಯುವುದಕ್ಕೆ ತೊಂದರೆಯಿಲ್ಲ. ತೋಳನ್ನು ಪಕ್ಕಕ್ಕೆ ಚಾಚುವುದು ಮಾತ್ರ ಆಗದು. ಬೆಳಿಗ್ಗೆ ದೇವರಾಜ ಮಾರ್ಕೆಟ್ಟಿಗೆ, ಸಂಜೆ ಕುಕ್ಕರಹಳ್ಳಿ ಕೆರೆಗೆ ಹೋಗಿಬರುವುದು ಆ ಗಾಡಿಯ ಮೇಲೆಯೇ. ಸ್ಕೂಟರ್ ಕೊಡಿಸುತ್ತೇನೆಂದು ಮಗ ಎಷ್ಟು ಹೇಳಿದರೂ ಒಪ್ಪಲಿಲ್ಲ. ಕೈ ಏಳದ ಮೇಲೆ ಅಣ್ಣ ಕಂಡುಕೊಂಡ ಉಪಾಯವೆಂದರೆ ನಮ್ಮ ಅತ್ತಿಗೆ. ಹಿಂದೆ ಕುಳಿತ ಅತ್ತಿಗೆ ಅವನ ಪರವಾಗಿ ಕೈ ಚಾಚಬೇಕು. ಸೀರೆ ಉಟ್ಟು ಎರಡೂ ಕಾಲನ್ನು ಎಡಗಡೆಗೆ ಇಳಿಬಿಟ್ಟು ಕೂತವರಿಗೆ ಎಡಕ್ಕೆ ತಿರುಗುವ ಸನ್ನೆ ಸಲೀಸು. ಬಲಕ್ಕೆ ತೋರಿಸುವುದಾದರೆ ಸೊಂಟ ತಿರುಚಿ ಬೆನ್ನಿನ ಹಿಂದಕ್ಕೆ ತೋಳು ನೀಡಬೇಕು. ಅದನ್ನೂ ಅವರು ಒಂದೂವರೆ ವರ್ಷ ಮಾಡಿದರು. ಅಣ್ಣ ‘ಬಲಕ್ಕೆ ಕಣೇ’ ಎನ್ನುವುದು, ಇವರು ತೋರಿಸುವುದು. ಒಬ್ಬರ ಮನಸ್ಸು, ಇನ್ನೊಬ್ಬರ ಕೈ. ಮದುವೆಯ ವ್ಯಾಖ್ಯೆಯೇ ಇದು ಎಂದು ನಾನೇ ಒಮ್ಮೆ ತಮಾಷೆ ಮಾಡಿದ್ದುಂಟು.

ಒಂದು ಬೆಳಿಗ್ಗೆ ಅಣ್ಣ ‘ಬಲಕ್ಕೆ’ ಎಂದ, ಅತ್ತಿಗೆ ಕೈ ಚಾಚಿದರು. ತಿರುವಿನ ಬಾಯಲ್ಲಿ ತರಕಾರಿ ಗಾಡಿಯೊಂದು ಅಡ್ಡ ನಿಂತಿದ್ದನ್ನು ಕಂಡು ಅಣ್ಣ ಮನಸ್ಸು ಬದಲಾಯಿಸಿ, ಮುಂದಿನ ತಿರುವಿನಲ್ಲಿ ಹೋದರಾಯಿತೆಂದು ಎಡಕ್ಕೆ ಸರಿದು ನೇರ ಹೊರಟ. ಹಿಂದೆ ಸೈಕಲ್ಲಿನಲ್ಲಿ ಬರುತ್ತಿದ್ದ ಶಾಲೆಯ ಹುಡುಗ ಅತ್ತಿಗೆಯ ಕೈಯನ್ನು ನಂಬಿ ಎಡಗಡೆಯಿಂದ ಮುಂದೆ ಬರುತ್ತಿದ್ದ. ಅವನಿಗೆ ಜಾಗವಿಲ್ಲದೆ ಚರಂಡಿಯ ಕಲ್ಲಿನ ಮೇಲೆ ಬಿದ್ದ. ಮೊಣಕೈ ತರಚಿತು, ಸೈಕಲ್ಲಿನ ಚಕ್ರ ಸೊಟ್ಟಗಾಯಿತು. ಅಷ್ಟಕ್ಕೇ ಮುಗಿದದ್ದು ಪುಣ್ಯ. ಅಣ್ಣ ಚಕ್ರ ಸರಿಮಾಡಿಸಿಕೊಟ್ಟ, ಹುಡುಗನ ಮನೆಗೆ ಹೋಗಿ ಮಾತಾಡಿಸಿಕೊಂಡೂ ಬಂದ. ಆದರೆ ಅತ್ತಿಗೆ ಮಾರನೆಯ ದಿನ ಗಾಡಿ ಹತ್ತಲಿಲ್ಲ. “ಮನಸ್ಸು ಬದಲಾಯಿಸಿದ್ದು ನೀವು, ಸುಳ್ಳು ಹೇಳಿದ್ದು ನನ್ನ ಕೈ. ಇನ್ನು ಮೇಲೆ ನನ್ನ ಕೈ ಕೊಡೋದಿಲ್ಲ” ಎಂದರು.

ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಸುಳ್ಳು ಎಂದರೇನು? ಅಣ್ಣ ‘ಬಲಕ್ಕೆ’ ಎಂದಾಗ ಅವನ ಮನಸ್ಸಿನಲ್ಲಿ ಇದ್ದದ್ದು ಬಲವೇ. ಅತ್ತಿಗೆ ತೋರಿಸಿದ್ದೂ ತಾವು ಕೇಳಿದ್ದನ್ನೇ. ಆಡುವಾಗ ಇಬ್ಬರೂ ನಿಜವನ್ನೇ ಆಡಿದರು. ಆದರೂ ಹುಡುಗನೊಬ್ಬ ಬಿದ್ದ. ಸನ್ನೆಯೆಂಬುದು ಬರಿಯ ವರ್ತಮಾನವಾಗಿದ್ದರೆ, ಅಂದರೆ ‘ಈ ಗಳಿಗೆಯಲ್ಲಿ ನನ್ನ ಮನಸ್ಸು ಹೀಗಿದೆ’ ಎಂದಷ್ಟೇ ಅದರ ಅರ್ಥವಾಗಿದ್ದರೆ, ಇಲ್ಲಿ ಯಾರ ತಪ್ಪೂ ಇಲ್ಲ. ಆದರೆ ಹುಡುಗ ಓದಿಕೊಂಡದ್ದು ವರ್ತಮಾನವನ್ನಲ್ಲ, ವಾಗ್ದಾನವನ್ನು. ಆ ವಾಗ್ದಾನದ ಮೇಲೆ ತನ್ನ ಸೈಕಲ್ಲಿನ ದಾರಿಯನ್ನು ಹಾಕಿಕೊಂಡ. ನಾನು ಹೇಳಿದ್ದರ ಮೇಲೆ ಇನ್ನೊಬ್ಬ ಹೆಜ್ಜೆಯಿಟ್ಟ ಮೇಲೆ ನನ್ನ ಮನಸ್ಸು ಪೂರ್ತಿಯಾಗಿ ನನ್ನದಾಗಿ ಉಳಿಯುವುದಿಲ್ಲ. ಬದಲಾಯಿಸಬಾರದು ಎಂದಲ್ಲ, ಬದಲಾಯಿಸುವ ಮೊದಲು ಹಿಂದೆ ತಿರುಗಿ ನೋಡಬೇಕು. ಅಣ್ಣ ನೋಡಲಿಲ್ಲ. ಅತ್ತಿಗೆಗೆ ನೋಡಲು ಕಾಣುತ್ತಿತ್ತು, ಆದರೆ ಹ್ಯಾಂಡಲ್ ಅವರ ಕೈಯಲ್ಲಿರಲಿಲ್ಲ.

ಅಣ್ಣನ ವಾದ ಬೇರೆಯೇ ಇತ್ತು. “ಹಿಂದೆ ಬರೋನು ನೋಡ್ಕೊಂಡು ಬರಬೇಕು ಕಣೇ. ನನ್ನ ಬೆನ್ನಿಗೆ ಕಣ್ಣಿದೆಯಾ?” ಎಂದ. ಇದು ಅರ್ಧ ಸತ್ಯ. ಹಿಂದಿನವನು ಅಂತರ ಇಟ್ಟುಕೊಂಡು ಬರಬೇಕೆಂಬುದು ಸರಿಯೇ. ಆದರೆ ಅವನು ಎಷ್ಟೇ ಎಚ್ಚರವಾಗಿ ನೋಡಿದರೂ ಕಾಣುವುದು ಅಣ್ಣನ ಬೆನ್ನು, ತಲೆ, ಹೊಗೆ. ಒಳಗಿರುವ ‘ಬಲಕ್ಕೆ’ ಕಾಣುವುದಿಲ್ಲ. ಜಗತ್ತಿನ ಉಳಿದ ಅಪಾಯಗಳನ್ನು ಕಣ್ಣಿಟ್ಟು ನೋಡಿ ತಿಳಿಯಬಹುದು. ಇನ್ನೊಬ್ಬರ ಉದ್ದೇಶವನ್ನು ಅವರು ಹೇಳಿಯೇ ತಿಳಿಯಬೇಕು. ಋಣ ಬೀಳುವುದು ಇಲ್ಲಿಂದ ಎಂದು ನನಗೆ ತೋರುತ್ತದೆ. ನನಗೆ ಮಾತ್ರ ಗೊತ್ತಿರುವುದು, ಅವನಿಗೆ ಪೆಟ್ಟು ಕೊಡಬಲ್ಲದ್ದು, ಹೇಳಿದರೆ ನನಗೇನೂ ನಷ್ಟವಿಲ್ಲದ್ದು. ಇವು ಮೂರೂ ಕೂಡಿದಾಗ ಬಾಯಿ ಮುಚ್ಚಿಕೊಂಡಿರುವುದು ನನ್ನ ಸ್ವಾತಂತ್ರ್ಯ ಎನ್ನುವಂತಿಲ್ಲ.

ಆದರೆ ಎಷ್ಟು ಹೇಳಬೇಕು ಎಂಬುದರಲ್ಲಿ ಆ ಪುಟ್ಟ ದೀಪದ ಸಭ್ಯತೆಯನ್ನು ಮೆಚ್ಚಬೇಕು. ಅದು ‘ಬಲಕ್ಕೆ’ ಎನ್ನುತ್ತದೆ, ಅಷ್ಟೆ. ಬಲಕ್ಕೆ ಹೋಗಿ ಆಸ್ಪತ್ರೆಗೋ, ಅಡವಿನ ಅಂಗಡಿಗೋ, ಜಗಳವಾಡಿದ ತಮ್ಮನ ಮನೆಗೋ ಎಂಬುದನ್ನು ಹೇಳುವುದಿಲ್ಲ. ಹಿಂದಿನವನಿಗೆ ಬೇಕಾದದ್ದೂ ನನ್ನ ಮುಂದಿನ ಹತ್ತು ಮಾರು ಮಾತ್ರ. ನನ್ನ ಓದಿನ ದಿನಗಳಲ್ಲಿ ಹೊಸಿಲಿನ ಬಳಿ ನಿಂತು ಕೇಳುತ್ತಿದ್ದ ಹಿರಿಯರಿಗೆ ಇಷ್ಟು ಸಂಯಮವಿದ್ದಿದ್ದರೆ ಎನ್ನಿಸುತ್ತದೆ. ನನ್ನ ಸುರಕ್ಷಿತತೆಗೆ ಅವರಿಗೆ ಬೇಕಾಗಿದ್ದದ್ದು ಎಂಟು ಗಂಟೆಯೊಳಗೆ ಬರುತ್ತೇನೆಂಬ ಒಂದು ಮಾತು. ಕೇಳುತ್ತಿದ್ದದ್ದು ನನ್ನ ಇಡೀ ಸಂಜೆಯನ್ನು.

ಈಗ ನನ್ನ ಅಣ್ಣನ ಮಗನ ವಿಷಯಕ್ಕೆ ಬರುತ್ತೇನೆ. ಅವನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ, ಹಳೆಯ ಗಾಡಿಗಳೆಂದರೆ ಪ್ರಾಣ. ದೀಪ ಹಾಕಿಸುವ ಮಾತು ಬಂದ ಕೂಡಲೆ ಬಸ್ಸು ಹತ್ತಿ ಬಂದ. “ಅತ್ತೆ, ಐವತ್ತು ವರ್ಷದಿಂದ ಕಾರ್ಖಾನೆಯಿಂದ ಬಂದ ಹಾಗೇ ಇದೆ. ಈಗ ಅದರ ಮುಖಕ್ಕೆ ನಾಲ್ಕು ಗುಳ್ಳೆ ಎಬ್ಬಿಸ್ತೀರಾ?” ಎಂದ. ಅವನ ಹತ್ತಿರ ಕಾನೂನೂ ಇತ್ತು. 2021ರಲ್ಲಿ ಕೇಂದ್ರ ಸರ್ಕಾರ ಐವತ್ತು ವರ್ಷ ದಾಟಿದ ವಾಹನಗಳಿಗೆ ‘ವಿಂಟೇಜ್’ ಎಂಬ ಪ್ರತ್ಯೇಕ ನೋಂದಣಿಯನ್ನು ತಂದಿದೆ. ಗಾಡಿ ಮೂಲರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಆದರೆ ಅದೇ ನಿಯಮ ಇನ್ನೊಂದನ್ನೂ ಹೇಳುತ್ತದೆ. ಹಾಗೆ ನೋಂದಾಯಿಸಿದ ಗಾಡಿಯನ್ನು ನಿತ್ಯದ ಓಡಾಟಕ್ಕೆ ರಸ್ತೆಗೆ ತರುವಂತಿಲ್ಲ. ಪ್ರದರ್ಶನಕ್ಕೆ, ರ್‍ಯಾಲಿಗೆ ಒಯ್ಯಬಹುದು. ಅಂದರೆ ಅಣ್ಣ ಮಾರ್ಕೆಟ್ಟಿಗೆ ಹೋಗುವ ಹಾಗಿಲ್ಲ. ಗಾಡಿಗೆ ಗೌರವ ಸಿಗುತ್ತದೆ, ಸೊಪ್ಪು ಮನೆಗೆ ಬರುವುದಿಲ್ಲ.

ಹುಡುಗನ ವಾದವನ್ನು ಹಗುರವಾಗಿ ತಳ್ಳಿಹಾಕಲು ನನಗೆ ಮನಸ್ಸಾಗಲಿಲ್ಲ. ‘ಮೂಲ ಎಲ್ಲಿದೆಯಪ್ಪ? ಟೈರು ಎಷ್ಟು ಸಲ ಬದಲಾಗಿದೆ, ಪಿಸ್ಟನ್ ಬದಲಾಗಿದೆ, ಬಣ್ಣ ಎರಡು ಸಲ ಹೊಡೆಸಿದೆ’ ಎಂದು ಅಣ್ಣ ಕೇಳಿದ. ಆದರೆ ಸವೆದದ್ದರ ಜಾಗದಲ್ಲಿ ಅದೇ ಬಗೆಯದನ್ನು ಇಡುವುದು ಬೇರೆ, ಇಲ್ಲದ್ದನ್ನು ತಂದು ಸೇರಿಸುವುದು ಬೇರೆ. ಕನ್ನಡ ಪಾಠ ಮಾಡುವ ನನಗೆ ಇದು ಹೊಸದಲ್ಲ. ಹಳೆಯ ಕಾವ್ಯದ ಓಲೆಗರಿಯಲ್ಲಿ ಹುಳು ತಿಂದ ಅಕ್ಷರವನ್ನು ಬೇರೆ ಪ್ರತಿ ನೋಡಿ ತುಂಬಿದರೆ ಅದು ಸಂಪಾದನೆ. ಚೆನ್ನಾಗಿದೆಯೆಂದು ತನ್ನದೊಂದು ಪದ್ಯ ಬರೆದು ಒಳಗೆ ತೂರಿಸಿದರೆ ಅದು ಪ್ರಕ್ಷಿಪ್ತ. ಆ ಪದ್ಯ ಎಷ್ಟೇ ನೀತಿಯನ್ನು ಹೇಳಲಿ, ಕವಿಯದಲ್ಲ. ಯಾದವಗಿರಿಯಲ್ಲಿ ಆ ಗಾಡಿಯನ್ನು ಕೂಡಿಸಿದ ಕೆಲಸಗಾರರಿಗೂ ಕವಿಗೆ ತೋರಿಸುವಷ್ಟೇ ನಿಷ್ಠೆಯನ್ನು ತೋರಿಸಬೇಕು ಎನ್ನುವ ಹುಡುಗ ನಮ್ಮ ಮನೆಯಲ್ಲಿ ಹುಟ್ಟಿದ್ದಕ್ಕೆ ನನಗೆ ಒಳಗೊಳಗೇ ಸಂತೋಷವೇ ಆಯಿತು.

ಆದರೂ ನನ್ನ ತೀರ್ಮಾನ ಅವನ ಕಡೆಗೆ ವಾಲಲಿಲ್ಲ. ಕಾವ್ಯದ ಪ್ರತಿ ಕಪಾಟಿನಲ್ಲಿರುತ್ತದೆ. ಅದು ಯಾರ ಮೊಣಕೈಯನ್ನೂ ತರಚುವುದಿಲ್ಲ. ಗಾಡಿ ಕಪಾಟಿನಲ್ಲಿದ್ದರೆ ಒಂದು ಗ್ರಂಥ, ಬೀದಿಗೆ ಬಂದರೆ ಮಾತು. ಮಾತನಾಡುವವನು ಎದುರಿಗಿರುವವನಿಗೆ ತಿಳಿಯುವ ಭಾಷೆಯಲ್ಲಿ ಆಡಬೇಕಾಗುತ್ತದೆ. 1969ರ ಮೈಸೂರಿನ ಬೀದಿಗಳಲ್ಲಿ ಸೈಕಲ್ಲು, ಟಾಂಗಾ, ನಡುವೆ ಅಲ್ಲೊಂದು ಇಲ್ಲೊಂದು ಮೋಟಾರು. ಆ ಬೀದಿಗೆ ಆ ಕೈ ಸಾಕಾಗಿತ್ತು. ಬೀದಿ ಮೂಲರೂಪದಲ್ಲಿ ಉಳಿಯದೆ ಗಾಡಿ ಮಾತ್ರ ಮೂಲರೂಪದಲ್ಲಿರಬೇಕೆಂದರೆ, ಆ ನಿಷ್ಠೆಯ ಖರ್ಚನ್ನು ಭರಿಸುವವನು ನನ್ನ ಅಣ್ಣನ ಮಗನಲ್ಲ, ಹಿಂದೆ ಸೈಕಲ್ಲಿನಲ್ಲಿ ಬರುವ ಹುಡುಗ. ತನ್ನ ಅಭಿರುಚಿಗೆ ಇನ್ನೊಬ್ಬರ ಮೂಳೆಯನ್ನು ಪಣವಾಗಿಡುವ ಹಾಗಿಲ್ಲ. ಇಷ್ಟನ್ನು ನಾನು ಹೇಳಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಒಂದು ಷರತ್ತು, ಎಲ್ಲೂ ತೂತು ಕೊರೆಯಬಾರದು” ಎಂದ. ಒಳ್ಳೆಯ ಷರತ್ತು. ಸೇರಿಸಿದ್ದು ಸೇರಿಸಿದ್ದೆಂದು ಕಾಣಬೇಕು, ಬೇಡವಾದ ದಿನ ಬಿಚ್ಚಿಡಲು ಬರಬೇಕು; ಒಳ್ಳೆಯ ಸಂಪಾದಕನೂ ತನ್ನ ಮಾತನ್ನು ಅಡಿಟಿಪ್ಪಣಿಯಲ್ಲಿ ಹಾಕುತ್ತಾನೆಯೇ ಹೊರತು ಪದ್ಯದೊಳಗಲ್ಲ.

ಕೂಡಿಸುವ ಕೆಲಸ ಅಂದುಕೊಂಡಷ್ಟು ಸುಲಭದ್ದಾಗಿರಲಿಲ್ಲ. ಇಂದಿನ ಗಾಡಿಗಳೆಲ್ಲ ಹನ್ನೆರಡು ವೋಲ್ಟಿನವು, ಇದು ಆರು ವೋಲ್ಟಿನದು. ಅಂಗಡಿಯಲ್ಲಿ ಸುಲಭವಾಗಿ ಸಿಗುವ 21 ವ್ಯಾಟಿನ ಬಲ್ಬುಗಳ ಲೆಕ್ಕ ಇಲ್ಲಿ ನಡೆಯದು. ಹನ್ನೆರಡು ವೋಲ್ಟಿನಲ್ಲಿ ಅಂಥ ಎರಡು ಬಲ್ಬಿಗೆ ಮೂರೂವರೆ ಆಂಪಿಯರ್ ಹರಿದರೆ, ಆರು ವೋಲ್ಟಿನಲ್ಲಿ ಅಷ್ಟೇ ಬೆಳಕಿಗೆ ಏಳು ಆಂಪಿಯರ್ ಬೇಕು. ಗಾಡಿಯ ಡೈನಮೊ ಕೊಡುವುದೇ 45 ವ್ಯಾಟು. ತಲೆದೀಪಕ್ಕೆ ಕೊಟ್ಟು ಉಳಿದದ್ದರಲ್ಲಿ ಇದು ಬದುಕಬೇಕು. ಎಂಜಿನ್ನು ಮೆಲ್ಲಗೆ ಓಡುವಾಗ ಅದೂ ಇಲ್ಲ, ಬ್ಯಾಟರಿಯೇ ಗತಿ. ನಮ್ಮ ಹಳೆಯ ಮೆಕ್ಯಾನಿಕ್ ಸಾಹೇಬರು ಇದನ್ನೆಲ್ಲ ನನಗೆ ವಿವರಿಸಿ, “ಮೇಡಂ, ಬಡವರ ಮನೆಗೆ ನೆಂಟರು ಬಂದ ಹಾಗೆ. ಬಂದೋರು ಕಮ್ಮಿ ಉಣ್ಣಬೇಕು” ಎಂದರು. ಕಡೆಗೆ ಆರು ವೋಲ್ಟಿನ, ಹತ್ತು ವ್ಯಾಟಿನ ಬಲ್ಬುಗಳನ್ನು ಹುಡುಕಿ ತಂದರು. ಎಲ್‌ಇಡಿ ಹಾಕಿದರೆ ಇನ್ನೂ ಕಡಿಮೆ ಉಣ್ಣುತ್ತಿತ್ತು. ಆದರೆ ಅದರ ಬಾಯಿ ಎಷ್ಟು ಸಣ್ಣದೆಂದರೆ ಹಳೆಯ ಬಗೆಯ ಫ್ಲ್ಯಾಷರ್ ಡಬ್ಬಿಗೆ ಕರೆಂಟು ಹರಿದದ್ದೇ ತಿಳಿಯುವುದಿಲ್ಲ, ದೀಪ ಮಿಣುಕದೆ ಸುಮ್ಮನೆ ಉರಿಯುತ್ತದೆ. ಅದಕ್ಕೆ ಬೇರೆಯೇ ಡಬ್ಬಿ ಬೇಕು.

ಆ ಫ್ಲ್ಯಾಷರ್ ಡಬ್ಬಿಯನ್ನು ಬಿಚ್ಚಿ ತೋರಿಸಿ ಎಂದು ಕೇಳಿದೆ. ಒಳಗಿರುವುದು ತೆಳುವಾದ ಒಂದು ಲೋಹದ ಪಟ್ಟಿ. ಕರೆಂಟು ಹರಿದಾಗ ಕಾಯುತ್ತದೆ, ಕಾದು ಬಾಗುತ್ತದೆ, ಬಾಗಿ ಸಂಪರ್ಕ ತಪ್ಪುತ್ತದೆ, ದೀಪ ಆರುತ್ತದೆ. ತಣ್ಣಗಾಗಿ ಮತ್ತೆ ನೆಟ್ಟಗಾದಾಗ ದೀಪ ಹತ್ತುತ್ತದೆ. ನಿಮಿಷಕ್ಕೆ ಅರವತ್ತಕ್ಕೆ ಕಡಿಮೆಯಿಲ್ಲ, ನೂರಿಪ್ಪತ್ತಕ್ಕೆ ಹೆಚ್ಚಿಲ್ಲ ಎಂಬುದು ಮೋಟಾರು ವಾಹನ ನಿಯಮದ ಲೆಕ್ಕ. ಮನುಷ್ಯನ ನಾಡಿಯೂ ಹೆಚ್ಚುಕಡಿಮೆ ಅದೇ ಅಳತೆಯೊಳಗೆ ಆಡುತ್ತದೆ. ನನಗೆ ಹಿಡಿಸಿದ್ದು ಇನ್ನೊಂದು ಗುಣ. ಒಂದು ಬಲ್ಬು ಸುಟ್ಟುಹೋದರೆ ಉಳಿದದ್ದರ ಲಯ ಕೆಡುತ್ತದೆ. ಸವಾರನಿಗೆ ಹಿಂದಿನ ದೀಪ ಕಾಣುವುದಿಲ್ಲ, ಆದರೆ ಮುಂದಿನದು ತಪ್ಪು ತಾಳ ಹಾಕಿ ‘ಅಲ್ಲೇನೋ ಆಗಿದೆ, ನೋಡು’ ಎನ್ನುತ್ತದೆ. ಮುಂದಿನ ದೀಪಗಳು ಹ್ಯಾಂಡಲ್ಲಿಗೆ, ಹಿಂದಿನವು ನಂಬರ್ ಪ್ಲೇಟಿನ ಪಟ್ಟಿಗೆ, ಎಲ್ಲವೂ ಕ್ಲಾಂಪಿನಲ್ಲಿ. ತೂತು ಕೊರೆಯಲಿಲ್ಲ. ಸ್ವಿಚ್ಚನ್ನು ಎಡಗೈ ಕಡೆ ಕೂಡಿಸಿದರು. ಬಲಗೈ ಇನ್ನು ಹ್ಯಾಂಡಲ್ ಬಿಡಬೇಕಾಗಿಲ್ಲ.

ದೀಪ ಬಂದು ಎಲ್ಲ ಸರಿಹೋಯಿತು ಎನ್ನುವ ಹಾಗಿಲ್ಲ. ಕೈಗಿಂತ ದೀಪ ಅಗ್ಗ, ಅಗ್ಗವಾದದ್ದನ್ನು ಮರೆಯುವುದು ಸುಲಭ. ಕಾರಿನಲ್ಲಿ ಚಕ್ರ ನೆಟ್ಟಗಾದಾಗ ತಾನೇ ಆರುವ ಏರ್ಪಾಡಿದೆ. ಇಲ್ಲಿ ಹೆಬ್ಬೆರಳಿನಲ್ಲೇ ಆರಿಸಬೇಕು. ಅಣ್ಣ ಮೊದಮೊದಲು ಬಲಕ್ಕೆ ತಿರುಗಿ, ಮನೆ ತಲುಪುವ ತನಕ ಬಲಕ್ಕೆ ತಿರುಗುತ್ತೇನೆಂದು ಸಾರುತ್ತಲೇ ಬರುತ್ತಿದ್ದ. ಹೇಳುವವನ ಮನಸ್ಸು ಬೇರೆ ಕಡೆ ಹೋಗಿದ್ದರೂ ಮಾತು ಮಾತ್ರ ನಡೆದೇ ಇರುವುದು ಒಂದು ವಿಚಿತ್ರ ಸ್ಥಿತಿ. ಹಿಂದಿನವರು ಕೆಲವು ದಿನ ನಂಬುತ್ತಾರೆ, ಆಮೇಲೆ ಯಾವ ದೀಪವನ್ನೂ ನಂಬುವುದಿಲ್ಲ. ಹೆದ್ದಾರಿಯಲ್ಲಿ ಇನ್ನೊಂದು ಬಗೆ. ಮುಂದಿನ ಲಾರಿಯ ಬಲದೀಪ ಮಿಣುಕಿದರೆ ಒಬ್ಬ ಚಾಲಕನಿಗೆ ಅದು ‘ನಾನು ಬಲಕ್ಕೆ ಬರುತ್ತಿದ್ದೇನೆ’, ಇನ್ನೊಬ್ಬನಿಗೆ ‘ದಾರಿ ಖಾಲಿಯಿದೆ, ಬಲದಿಂದ ಮುಂದೆ ಹೋಗು’. ಒಂದೇ ಅಕ್ಷರಕ್ಕೆ ‘ಬಾ’ ಎಂದೂ ‘ಬರಬೇಡ’ ಎಂದೂ ಅರ್ಥವಿರುವ ಭಾಷೆಯಲ್ಲಿ ಯಾರು ತಾನೆ ಬದುಕಿಯಾರು! ನಾಲ್ಕೂ ದೀಪ ಮಿಣುಕಿಸಿಕೊಂಡು ‘ನೇರ ಹೋಗುತ್ತೇನೆ’ ಎಂದು ಚೌಕ ದಾಟುವವರೂ ಇದ್ದಾರೆ. ಪಕ್ಕದಿಂದ ಬರುವವನಿಗೆ ಕಾಣುವುದು ಒಂದು ಬದಿಯ ದೀಪ ಮಾತ್ರ, ಅವನು ಅದನ್ನು ತಿರುವೆಂದೇ ಓದುತ್ತಾನೆ.

ಎಲ್ಲಕ್ಕಿಂತ ನನ್ನ ಮನಸ್ಸಿಗೆ ಒಗ್ಗದ್ದು, ದೀಪ ಹಾಕಿದ ಮಾತ್ರಕ್ಕೆ ದಾರಿ ತನ್ನದಾಯಿತು ಎಂದು ತಿಳಿಯುವವರ ರೀತಿ. ದೀಪ ಹಾಕುವುದೂ ಹೊರಳುವುದೂ ಒಂದೇ ಕ್ಷಣ. ಡಿಕ್ಕಿಯಾದರೆ ‘ಇಂಡಿಕೇಟರ್ ಹಾಕಿದ್ದೆನಲ್ಲ?’ ಎಂದು ಜೋರು ಮಾಡುತ್ತಾರೆ. ಇದು ರಸ್ತೆಗೆ ಮಾತ್ರ ಸೀಮಿತವಾದ ಬುದ್ಧಿಯಲ್ಲ. ಒಂದು ಶಾಲೆಯಲ್ಲಿ ಶನಿವಾರ ಮಧ್ಯಾಹ್ನ ನೋಟೀಸು ಬೋರ್ಡಿಗೆ ಒಂದು ಹಾಳೆ ಅಂಟಿಸಿ, ಸೋಮವಾರದಿಂದ ಎಂಟನೆಯ ತರಗತಿಯ ಕನ್ನಡ ಮಾಧ್ಯಮದ ವಿಭಾಗ ಇರುವುದಿಲ್ಲ ಎಂದರು. ಹದಿನೇಳು ಮಕ್ಕಳು. ಕೇಳಲು ಹೋದ ತಂದೆತಾಯಿಗಳಿಗೆ ‘ಮುಂಚೆಯೇ ತಿಳಿಸಿದ್ದೇವೆ’ ಎಂಬ ಉತ್ತರ ಬಂತು. ತಿಳಿಸಿದ್ದು ನಿಜವೇ. ಆದರೆ ಬ್ರೇಕು ಹಿಡಿಯಲು ಹಿಂದಿನವನಿಗೆ ಎಷ್ಟು ದೂರ ಬೇಕೋ ಅಷ್ಟು ದೂರದಿಂದ ತಿಳಿಸಿದರೆ ಮಾತ್ರ ಅದು ತಿಳಿಸಿದಂತೆ. ಆ ಮಕ್ಕಳಲ್ಲಿ ಇಬ್ಬರು ಹುಡುಗಿಯರು ಆ ವರ್ಷ ಯಾವ ಶಾಲೆಗೂ ಹೋಗಲಿಲ್ಲ.

ಅತ್ತಿಗೆ ಈಗ ಮತ್ತೆ ಗಾಡಿ ಹತ್ತುತ್ತಾರೆ. ಅಣ್ಣ ದೀಪ ಆರಿಸಲು ಮರೆತರೆ ಬೆನ್ನಿಗೆ ಒಂದು ಬೆರಳಿನಿಂದ ತಿವಿಯುವ ಕೆಲಸವನ್ನು ಅವರೇ ವಹಿಸಿಕೊಂಡಿದ್ದಾರೆ. ಕೈ ಕೊಡುವುದಿಲ್ಲವೆಂದರು, ಬೆರಳು ಕೊಟ್ಟರು.

ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ ಗಾಡಿಯವರೆಲ್ಲ ಸೇರುವ ರೂಢಿಯುಂಟು. ಕಳೆದ ಸಲ ಹುಡುಗ ಹಿಂದಿನ ರಾತ್ರಿಯೇ ಮೈಸೂರಿಗೆ ಬಂದು ಎರಡು ಸ್ಪ್ಯಾನರ್ ಹಿಡಿದು ನಾಲ್ಕೂ ದೀಪಗಳನ್ನು ಬಿಚ್ಚಿ ಅಡಿಗೆ ಮನೆಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟ. ಮಾತು ಕೊಟ್ಟದ್ದು ನಿಜ, ಬಿಚ್ಚಿಡಲು ಬರಬೇಕೆಂದು ಒಪ್ಪಿದವರು ನಾವೇ. ಯಾರೂ ಏನೂ ಅನ್ನಲಿಲ್ಲ. ಬೆಳಿಗ್ಗೆ ಅವನೇ ಹೊಡೆದುಕೊಂಡು ಹೋದ, ಕೈ ಸನ್ನೆಗಳನ್ನೆಲ್ಲ ಅಜ್ಜನ ಕಾಲದ ಶಾಸ್ತ್ರೋಕ್ತ ಕ್ರಮದಲ್ಲಿ ಅಭ್ಯಾಸ ಮಾಡಿಕೊಂಡು. ಮಧ್ಯಾಹ್ನ ಮನೆಗೆ ಬಂದವನೇ ನೀರು ಕುಡಿದು ಹೇಳಿದ. ಎಡಕ್ಕೆ ತಿರುಗುವಾಗ ಬಲಗೈ ಚಾಚಿ ಅಪ್ರದಕ್ಷಿಣೆಯಾಗಿ ಸುತ್ತಿಸಿದನಂತೆ. ಹಿಂದೆ ಸ್ಕೂಟರಿನಲ್ಲಿ ಬರುತ್ತಿದ್ದ ಹುಡುಗಿಯೊಬ್ಬಳು ತನ್ನನ್ನೇ ಕರೆಯುತ್ತಿದ್ದಾನೆಂದು ತಿಳಿದು ಪಕ್ಕಕ್ಕೆ ಬಂದು, “ಏನಣ್ಣ, ಸೈಡ್ ಸ್ಟ್ಯಾಂಡ್ ತೆಗೆದಿಲ್ವಾ ನಾನು?” ಎಂದು ಕೇಳಿದಳಂತೆ. ಅವನು ತಿರುವು ಬಿಟ್ಟು ನೇರ ಹೋಗಬೇಕಾಯಿತು.

ಊಟವಾದ ಮೇಲೆ ಕಟ್ಟೆಯ ಮೇಲಿನ ದೀಪಗಳನ್ನು ತಾನೇ ಎತ್ತಿಕೊಂಡು ಹೊರಗೆ ಹೋದ. ಸ್ಪ್ಯಾನರಿನ ಸದ್ದು ಕೇಳಿಸಿತು. ಆಮೇಲೆ ಅಣ್ಣನ ದನಿ, “ಎಡಗಡೇದು ಸ್ವಲ್ಪ ಕೆಳಗೆ ಬಿಡೋ, ಸೀರೆಗೆ ತಾಕುತ್ತೆ.”